ನೀರಿನ ತಡೆ, ವಯಸ್ಸಿನ ತಡೆ

2015ರ ಏಪ್ರಿಲ್‌ನಲ್ಲಿ ಜಪಾನಿನ ಮಾತ್ಸುಯಾಮಾ ನಗರದ ಈಜುಕೊಳವೊಂದರಲ್ಲಿ ಮಿಯೆಕೊ ನಾಗಾಒಕಾ 1500 ಮೀಟರ್ ಸ್ಪರ್ಧೆಗೆ ಇಳಿದರು. ಆಗ ಅವರಿಗೆ ನೂರು ವರ್ಷ ತುಂಬಿತ್ತು. 25 ಮೀಟರಿನ ಕೊಳದಲ್ಲಿ ಆಚೆ ದಡದಿಂದ ಈಚೆ ದಡಕ್ಕೆ ಒಟ್ಟು 60 ಸಲ, ಅಂಗಾತ ಮಲಗಿ ಬ್ಯಾಕ್‌ಸ್ಟ್ರೋಕ್‌ನಲ್ಲೇ ಈಜಿ, 1 ಗಂಟೆ 15 ನಿಮಿಷ 54 ಸೆಕೆಂಡಿಗೆ ಮುಗಿಸಿದರು. ಶತಾಯುಷಿಯೊಬ್ಬರು ಅಷ್ಟು ದೂರದ ಸ್ಪರ್ಧೆ ಪೂರೈಸಿದ್ದು ಅದೇ ಮೊದಲು. ಅವರು ಈಜಿಗೆ ಬಂದದ್ದು ಎಂಬತ್ತರ ವಯಸ್ಸಿನಲ್ಲಿ, ಮೊಣಕಾಲಿನ ತೊಂದರೆಗೆ ವ್ಯಾಯಾಮವಾಗಲಿ ಎಂದು. 2002ರಲ್ಲಿ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ನಡೆದ ವಿಶ್ವ ಮಾಸ್ಟರ್ಸ್, ಅಂದರೆ 25 ದಾಟಿದವರ, ಕೂಟದಲ್ಲಿ 50 ಮೀಟರ್ ಬ್ಯಾಕ್‌ಸ್ಟ್ರೋಕ್‌ನಲ್ಲಿ ಅವರಿಗೆ ಕಂಚು ಸಿಕ್ಕಿತ್ತು.

ಈ ಸಾಧನೆಗೆ ಕೈಮುಗಿಯಬೇಕು, ನಿಜ. ಕೈಮುಗಿದ ಮೇಲೆ ಒಂದು ಲೆಕ್ಕವನ್ನೂ ಹಾಕಬೇಕು. ನಾಗಾಒಕಾ ಒಂದೊಂದು 25 ಮೀಟರಿಗೆ ಸರಾಸರಿ 76 ಸೆಕೆಂಡ್ ತೆಗೆದುಕೊಂಡರು. ಅಂದರೆ ಸೆಕೆಂಡಿಗೆ 33 ಸೆಂಟಿಮೀಟರ್. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಬಾಬಿ ಫಿಂಕ್ ಇದೇ ದೂರವನ್ನು 14 ನಿಮಿಷ 30.67 ಸೆಕೆಂಡಿನಲ್ಲಿ ಈಜಿ ವಿಶ್ವದಾಖಲೆ ಮಾಡಿದರು. ಅವರ ವೇಗ ಸೆಕೆಂಡಿಗೆ 1.72 ಮೀಟರ್. ಇಬ್ಬರ ವೇಗದಲ್ಲಿ ಐದು ಪಟ್ಟಿನ ವ್ಯತ್ಯಾಸವಿದೆ. ಹಾಗಾದರೆ ದೇಹ ಹಾಕಬೇಕಾದ ಶಕ್ತಿಯಲ್ಲಿ ಎಷ್ಟು ಪಟ್ಟಿನ ವ್ಯತ್ಯಾಸವಿರಬೇಕು? ಐದಲ್ಲ, ಹತ್ತೂ ಅಲ್ಲ. ಸುಮಾರು 140 ಪಟ್ಟು.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಅದರೊಳಗೆ ಮುಂದೆ ಹೋಗುವ ದೇಹಕ್ಕೆ ಎದುರಾಗುವ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ವೇಗ ಎರಡು ಪಟ್ಟಾದರೆ ತಡೆ ನಾಲ್ಕು ಪಟ್ಟು. ಆ ತಡೆಯನ್ನು ಪ್ರತಿ ಸೆಕೆಂಡಿಗೂ ಗೆಲ್ಲಲು ಬೇಕಾದ ಶಕ್ತಿ ಎಂದರೆ ತಡೆ ಗುಣಿಸು ವೇಗ. ಹೀಗೆ ಶಕ್ತಿಯ ಲೆಕ್ಕ ವೇಗದ ಘನಕ್ಕೆ ಹೋಗಿ ಮುಟ್ಟುತ್ತದೆ: ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು. ನಿಧಾನವಾಗಿ ಈಜುವವರಿಗೆ ನೀರು ಬಹಳ ಅಗ್ಗ. ಜೋರಾಗಿ ಈಜುವವರಿಗೆ ವಿಪರೀತ ದುಬಾರಿ. ಮಾಸ್ಟರ್ಸ್ ಈಜಿಗೆ ತಯಾರಾಗುವವರು ಎಲ್ಲಕ್ಕಿಂತ ಮೊದಲು ಅರಗಿಸಿಕೊಳ್ಳಬೇಕಾದದ್ದು ಈ ಘನದ ಲೆಕ್ಕವನ್ನೇ ಎನ್ನುವುದು ನನ್ನ ಖಚಿತ ಅಭಿಪ್ರಾಯ. ಈ ಅಧ್ಯಾಯದ ಬಹುಪಾಲು ಸಲಹೆಗಳು ಅದರಿಂದಲೇ ಹೊರಡುತ್ತವೆ.

ವಯಸ್ಸಿನ ವಿಷಯದಲ್ಲಿ ಈ ಲೆಕ್ಕ ನಮ್ಮ ಪರವಾಗಿದೆ. ದೇಹದ ಶಕ್ತಿ ನೂರರಲ್ಲಿ ಹತ್ತು ಪಾಲು ಇಳಿದರೆ ವೇಗ ಹತ್ತು ಪಾಲು ಇಳಿಯುವುದಿಲ್ಲ. ಸುಮಾರು ಮೂರೂವರೆ ಪಾಲು ಮಾತ್ರ ಇಳಿಯುತ್ತದೆ. ಶಕ್ತಿ ಇಪ್ಪತ್ತು ಪಾಲು ಹೋದರೂ ವೇಗದಲ್ಲಿ ಹೋಗುವುದು ಏಳು ಪಾಲು. ಓಟದಲ್ಲಿ ಹೀಗಿಲ್ಲ. ಅಲ್ಲಿ ವೇಗಕ್ಕೂ ಶಕ್ತಿಗೂ ಹೆಚ್ಚುಕಡಿಮೆ ನೇರ ಸಂಬಂಧ. ಶಕ್ತಿ ಎಷ್ಟು ಇಳಿಯಿತೋ ವೇಗವೂ ಅಷ್ಟೇ ಇಳಿಯುತ್ತದೆ. ಮೂವತ್ತರ ನಂತರ ದೇಹ ಬಳಸಬಲ್ಲ ಗರಿಷ್ಠ ಆಮ್ಲಜನಕದ ಪ್ರಮಾಣ ವ್ಯಾಯಾಮವಿಲ್ಲದವರಲ್ಲಿ ದಶಕಕ್ಕೆ ಸುಮಾರು ಶೇ. 10ರಂತೆ ಕುಸಿಯುತ್ತದೆ. ಕಠಿಣ ಅಭ್ಯಾಸ ಬಿಡದವರಲ್ಲಿ ಈ ಕುಸಿತ ಅದರ ಅರ್ಧದಷ್ಟಕ್ಕೆ ನಿಲ್ಲಬಹುದು. ಆ ಅರ್ಧವನ್ನೂ ಘನದ ಲೆಕ್ಕದಲ್ಲಿ ಹಾಕಿ ನೋಡಿ, ಈಜುಗಾರನ ಗಡಿಯಾರದಲ್ಲಿ ಕಾಣುವ ನಷ್ಟ ಎಷ್ಟು ಸಣ್ಣದೆಂದು ತಿಳಿಯುತ್ತದೆ.

ಇದು ಕಾಗದದ ಮೇಲಿನ ಸಮಾಧಾನ ಮಾತ್ರವಲ್ಲ. ಹಿರೊಫುಮಿ ತನಾಕಾ ಮತ್ತು ಡಗ್ಲಸ್ ಸೀಲ್ಸ್ ಎಂಬ ವಿಜ್ಞಾನಿಗಳು ಅಮೆರಿಕದ ಮಾಸ್ಟರ್ಸ್ ಕೂಟಗಳ ಫಲಿತಾಂಶಗಳನ್ನು ಕಲೆಹಾಕಿ 1997ರಲ್ಲಿ ಒಂದು ವಿಶ್ಲೇಷಣೆ ಪ್ರಕಟಿಸಿದರು. 1500 ಮೀಟರಿನ ಸಾಧನೆ ನಲವತ್ತರ ಆಸುಪಾಸಿನಿಂದ ಸುಮಾರು ಎಪ್ಪತ್ತರವರೆಗೆ ಸಮನಾದ ಇಳಿಜಾರಿನಲ್ಲಿ ನಿಧಾನವಾಗಿ ಇಳಿದು, ಆಮೇಲೆ ಕಡಿದಾಗುತ್ತದೆ. 50 ಮೀಟರಿನಲ್ಲಿ ಇಳಿಕೆ ಇನ್ನೂ ಮೆಲ್ಲಗೆ. ಓಟದ ಅಂಕಿಅಂಶಗಳ ಜೊತೆ ಹೋಲಿಸಿದರೆ ಈಜುಗಾರರು ವಯಸ್ಸಿಗೆ ಕಡಿಮೆ ತೆರಿಗೆ ಕಟ್ಟುತ್ತಾರೆ. ಈಜು ಕೌಶಲದ ಆಟವಾಗಿರುವುದು ಅದಕ್ಕೊಂದು ಕಾರಣ, ಮೇಲೆ ಹೇಳಿದ ಭೌತಶಾಸ್ತ್ರ ಇನ್ನೊಂದು.

ಮಾಸ್ಟರ್ಸ್ ಎಂಬ ವ್ಯವಸ್ಥೆ ಹುಟ್ಟಿದ್ದೂ ಒಬ್ಬ ವೈದ್ಯರ ತಲೆಯಲ್ಲಿ. ಅಮೆರಿಕದ ನೌಕಾದಳದ ವೈದ್ಯ ರ‍್ಯಾನ್ಸಮ್ ಆರ್ಥರ್, ಕಾಲೇಜು ಮುಗಿಸಿದ ಮೇಲೆ ಈಜು ಬಿಟ್ಟವರನ್ನು ಮತ್ತೆ ನೀರಿಗೆ ಎಳೆಯಲು ಸ್ಪರ್ಧೆಯೊಂದೇ ದಾರಿ ಎಂದು ನಂಬಿದ್ದರು. 1970ರಲ್ಲಿ ಟೆಕ್ಸಾಸ್‌ನ ಅಮರಿಲ್ಲೊದಲ್ಲಿ ಅಂಥ ಮೊದಲ ಕೂಟ ನಡೆಯಿತು. ವಿಶ್ವಮಟ್ಟದ ಮೊದಲ ಕೂಟ 1986ರಲ್ಲಿ ಟೋಕಿಯೊದಲ್ಲಿ. 2015ರ ಕಜಾನ್ ಕೂಟದಿಂದ ಈಚೆಗೆ ವಿಶ್ವ ಚಾಂಪಿಯನ್‌ಷಿಪ್ ನಡೆದ ಊರಿನಲ್ಲೇ, ಅದರ ಬೆನ್ನಿಗೇ ಮಾಸ್ಟರ್ಸ್ ಕೂಟವೂ ನಡೆಯುವುದು ರೂಢಿಯಾಗಿದೆ. 25 ವರ್ಷ ತುಂಬಿದ ಯಾರಾದರೂ ನಿಗದಿತ ಅರ್ಹತಾ ಸಮಯ ಮುಟ್ಟಿದರೆ ಸ್ಪರ್ಧಿಸಬಹುದು. ಐದೈದು ವರ್ಷದ ಗುಂಪುಗಳಿವೆ: 25–29, 30–34, ಹೀಗೆ ನೂರರಾಚೆಗೂ. ನಮ್ಮಲ್ಲೂ ರಾಷ್ಟ್ರೀಯ ಮಾಸ್ಟರ್ಸ್ ಕೂಟ ವರ್ಷ ವರ್ಷ ನಡೆಯುತ್ತದೆ. 2023ರ ನವೆಂಬರ್‌ನಲ್ಲಿ ಅದು ನಡೆದದ್ದು ಮಂಗಳೂರಿನ ಎಮ್ಮೆಕೆರೆಯ ಹೊಸ ಕೊಳದಲ್ಲಿ.

ಗುಂಪು ತೀರ್ಮಾನವಾಗುವುದು ಆ ವರ್ಷದ ಡಿಸೆಂಬರ್ 31ಕ್ಕೆ ನಿಮ್ಮ ವಯಸ್ಸು ಎಷ್ಟು ಎಂಬುದರ ಮೇಲೆ. ಆಸ್ಟ್ರೇಲಿಯಾದ ನಿವೃತ್ತ ವೈದ್ಯ ಜಾರ್ಜ್ ಕೊರೊನಿಸ್ 2018ರ ಫೆಬ್ರುವರಿಯಲ್ಲಿ 50 ಮೀಟರ್ ಫ್ರೀಸ್ಟೈಲನ್ನು 56.12 ಸೆಕೆಂಡಿನಲ್ಲಿ ಈಜಿದಾಗ ಅವರಿಗಿನ್ನೂ 99. ಹುಟ್ಟುಹಬ್ಬ ಇದ್ದದ್ದು ಏಪ್ರಿಲ್‌ನಲ್ಲಿ. ಆದರೂ ಅವರು 100–104ರ ಗುಂಪಿನ ವಿಶ್ವದಾಖಲೆ ಮಾಡಿದರು. ಹಿಂದಿನ ದಾಖಲೆ 1 ನಿಮಿಷ 31.19 ಸೆಕೆಂಡ್ ಇತ್ತು. ಒಂದೇ ಏಟಿಗೆ 35 ಸೆಕೆಂಡ್ ಕಡಿಮೆ! ಗುಂಪಿಗೆ ಹೊಸದಾಗಿ ಬಂದವರು ಅಲ್ಲಿ ಎಲ್ಲರಿಗಿಂತ ಕಿರಿಯರು. ಯಾವ ವರ್ಷದ ಕೂಟಕ್ಕೆ ಗುರಿ ಇಡಬೇಕೆಂದು ಯೋಚಿಸುವಾಗ ಅನುಭವಿಗಳು ಮೊದಲು ನೋಡುವುದು ಇದನ್ನೇ.

ಈಗ ಕೊಳಕ್ಕೆ ಇಳಿಯೋಣ. ಘನದ ಲೆಕ್ಕ ಇನ್ನೊಂದು ಮಾತನ್ನೂ ಹೇಳುತ್ತದೆ: ತಡೆಯನ್ನು ಹತ್ತು ಪಾಲು ತಗ್ಗಿಸಿದರೆ ಸಿಗುವ ಲಾಭ, ಶಕ್ತಿಯನ್ನು ಹನ್ನೊಂದು ಪಾಲು ಏರಿಸಿದರೆ ಸಿಗುವ ಲಾಭಕ್ಕೆ ಸಮ. ಐವತ್ತೈದು ವರ್ಷದವರು ಸ್ನಾಯುಶಕ್ತಿಯನ್ನು ಹನ್ನೊಂದು ಪಾಲು ಏರಿಸಲು ತಿಂಗಳುಗಟ್ಟಲೆ ಬೆವರು ಸುರಿಸಬೇಕು, ಗಾಯದ ಭಯ ಬೇರೆ. ತಡೆ ತಗ್ಗಿಸುವುದಕ್ಕೆ ತಲೆಯನ್ನು ಸರಿಯಾದ ಜಾಗದಲ್ಲಿ ಇಟ್ಟುಕೊಂಡರೂ ಸಾಕಾಗಬಹುದು. ತಡೆ ಎಷ್ಟು ಮುಖ್ಯ ಎಂಬುದಕ್ಕೆ 2009ರ ರೋಮ್ ವಿಶ್ವ ಚಾಂಪಿಯನ್‌ಷಿಪ್ ಸಾಕ್ಷಿ. ಮೈಗೆ ಅಂಟಿಕೊಂಡು, ದೇಹವನ್ನು ನುಣುಪಾಗಿಸಿ ತೇಲಿಸುವ ಪಾಲಿಯುರೆಥೇನ್ ಉಡುಪು ತೊಟ್ಟವರು ಅಲ್ಲಿ 43 ವಿಶ್ವದಾಖಲೆ ಮುರಿದರು. 2010ರಿಂದ ಅಂಥ ಉಡುಪಿಗೆ ನಿಷೇಧ ಬಂತು. ಅವರ ಸ್ನಾಯುಗಳು ಆ ಒಂದು ವಾರದಲ್ಲಿ ಬದಲಾಗಿರಲಿಲ್ಲ. ಬದಲಾದದ್ದು ನೀರು ಅವರನ್ನು ತಡೆಯುವ ಬಗೆ.

ಗಾಳಿ ತುಂಬಿದ ಶ್ವಾಸಕೋಶ ಎದೆಯಲ್ಲಿದೆ, ಭಾರದ ಎಲುಬು ಸ್ನಾಯುಗಳು ತೊಡೆ ಕಾಲುಗಳಲ್ಲಿವೆ. ಹಾಗಾಗಿ ನೀರಿನಲ್ಲಿ ಎದೆ ತೇಲುತ್ತದೆ, ಕಾಲು ಮುಳುಗುತ್ತದೆ. ಫ್ರೀಸ್ಟೈಲ್ ಈಜುವಾಗ ಎದುರು ದಡ ಕಾಣಲೆಂದು ತಲೆ ಎತ್ತಿದಿರೋ, ಸೊಂಟ ಇನ್ನಷ್ಟು ಕೆಳಗಿಳಿಯುತ್ತದೆ. ಓರೆಯಾದ ದೇಹ ಮುಂದಿನ ನೀರಿಗೆ ಅಗಲವಾದ ಮೈ ಒಡ್ಡುತ್ತದೆ. ಇಳಿದ ಕಾಲನ್ನು ಮೇಲೆತ್ತಲು ಜೋರಾಗಿ ಕಿಕ್ ಹೊಡೆಯುತ್ತೇವೆ. ತೊಡೆಯ ದೊಡ್ಡ ಸ್ನಾಯುಗಳು ಆಮ್ಲಜನಕವನ್ನೆಲ್ಲ ನುಂಗುತ್ತವೆ. ಅರ್ಧ ಲ್ಯಾಪಿಗೇ ಏದುಸಿರು. ದೊಡ್ಡವರಾದ ಮೇಲೆ ಈಜು ಕಲಿತವರಲ್ಲಿ ಬಹಳ ಮಂದಿಗೆ ತೊಂದರೆ ಕೊಡುವುದು ಇದೇ ಸರಪಳಿ ಎಂದರೆ ಕೋಚ್‌ಗಳು ತಲೆಯಾಡಿಸುತ್ತಾರೆ. ಪರಿಹಾರ ಕಣ್ಣಿನಲ್ಲಿದೆ. ಕೊಳದ ತಳದ ಕಪ್ಪು ಗೆರೆಯನ್ನು ನೆಟ್ಟಗೆ ಕೆಳಗೆ ನೋಡುತ್ತಿರಿ. ಉಸಿರಿಗೆ ತಿರುಗುವಾಗ ಗಾಗಲ್ಸ್‌ನ ಒಂದು ಗಾಜು ಮಾತ್ರ ನೀರಿನ ಮೇಲೆ ಬರಲಿ, ಇನ್ನೊಂದು ನೀರಿನೊಳಗೇ ಇರಲಿ. ಗೋಡೆಗೆ ಕಾಲು ಒದ್ದು ಹೊರಟಾಗ ಒಂದು ಅಂಗೈ ಇನ್ನೊಂದರ ಮೇಲೆ, ತೋಳುಗಳೆರಡೂ ಕಿವಿಗೆ ಒತ್ತಿರಲಿ. ಒದ್ದು ಹೊರಟ ಆ ಕ್ಷಣದ ವೇಗವನ್ನು ನೀವು ಕೈ ಬೀಸಿ ಎಂದೂ ಮುಟ್ಟಲಾರಿರಿ. ಅದನ್ನು ಸಡಿಲ ಮೈಯಿಂದ ಹಾಳುಮಾಡಿಕೊಳ್ಳುವುದು ದೊಡ್ಡ ನಷ್ಟ.

ಪ್ರಗತಿಯನ್ನು ಅಳೆಯಲು ಒಂದು ಸರಳ ಲೆಕ್ಕವಿದೆ. 50 ಮೀಟರ್ ಈಜಿ. ತೆಗೆದುಕೊಂಡ ಸೆಕೆಂಡುಗಳನ್ನೂ ಹಾಕಿದ ಕೈಗಳ ಸಂಖ್ಯೆಯನ್ನೂ ಕೂಡಿಸಿ. 52 ಸೆಕೆಂಡ್, 48 ಕೈ: ಒಟ್ಟು 100. ಮುಂದಿನ ಸಲ 50 ಸೆಕೆಂಡಿಗೆ ಮುಗಿಸಿ 56 ಕೈ ಹಾಕಿದ್ದರೆ ಮೊತ್ತ 106. ಗಡಿಯಾರ ಸುಧಾರಿಸಿದೆ, ಈಜು ಕೆಟ್ಟಿದೆ. ಎರಡು ಸೆಕೆಂಡಿಗೆ ಎಂಟು ಕೈಯ ಬೆಲೆ ತೆತ್ತಿದ್ದೀರಿ. 52 ಸೆಕೆಂಡಿಗೇ 44 ಕೈಯಲ್ಲಿ ಮುಗಿಸಿದರೆ ಮೊತ್ತ 96. ಅಲ್ಲಿ ನಿಜವಾಗಿ ಏನೋ ಕಲಿತಿದ್ದೀರಿ. ನಡುವೆ ಅರ್ಧ ನಿಮಿಷ ಬಿಡುವು ಕೊಟ್ಟು ಇಂಥ ಆರೆಂಟು ಸುತ್ತು ಹಾಕಿ, ಮೊತ್ತ ಏರದಂತೆ ನೋಡಿಕೊಳ್ಳಿ. ಮೊತ್ತ ಏರತೊಡಗಿತೆಂದರೆ ದಣಿವಿನಿಂದ ಕೈ ಜಾರುತ್ತಿದೆ ಎಂದರ್ಥ. ಅಲ್ಲಿಂದ ಮುಂದೆ ಈಜಿದರೆ ತಪ್ಪು ಈಜನ್ನೇ ಮೈಗೆ ಕಲಿಸಿದಂತೆ.

ಸ್ಪರ್ಧೆಯ ದಿನ ಘನದ ಲೆಕ್ಕ ಮರೆತವರಿಗೆ ಶಿಕ್ಷೆ ಖಚಿತ. ನಿಮ್ಮ ಗುರಿ 200 ಮೀಟರಿಗೆ 3 ನಿಮಿಷ 20 ಸೆಕೆಂಡ್ ಎಂದಿಟ್ಟುಕೊಳ್ಳಿ; ಒಂದೊಂದು 50ಕ್ಕೆ 50 ಸೆಕೆಂಡ್. ಸೀಟಿ ಊದಿದ ಉತ್ಸಾಹದಲ್ಲಿ ಮೊದಲ 50ನ್ನು 45ಕ್ಕೇ ಮುಟ್ಟಿದರೆ ವೇಗ ಹನ್ನೊಂದು ಪಾಲು ಹೆಚ್ಚಾಯಿತು, ಶಕ್ತಿಯ ಖರ್ಚು ಮೂವತ್ತೇಳು ಪಾಲು ಹೆಚ್ಚಾಯಿತು. ಆ ಸಾಲವನ್ನು ದೇಹ ಆಮ್ಲಜನಕವಿಲ್ಲದ ದಾರಿಯಿಂದ ತರುತ್ತದೆ. ಮೂರನೆಯ 50ರಲ್ಲಿ ತೋಳು ಕಲ್ಲಾಗುತ್ತದೆ. ಡೈವ್‌ನ ಲಾಭದಿಂದ ಮೊದಲ 50 ಒಂದೆರಡು ಸೆಕೆಂಡ್ ಬೇಗ ಆಗುವುದು ಸಹಜ, ಅದಕ್ಕಿಂತ ಹೆಚ್ಚು ಬೇಡ. ವಿಶ್ವ ಮಾಸ್ಟರ್ಸ್‌ನಲ್ಲಿ ಹೀಟ್ಸ್ ಆದಮೇಲೆ ಫೈನಲ್ ಎಂಬ ಎರಡನೇ ಅವಕಾಶ ಇರುವುದಿಲ್ಲ. ಒಮ್ಮೆ ಈಜಿದ ಸಮಯವೇ ಅಂತಿಮ.

ಕೊಳದ ಉದ್ದವೂ ಗಮನದಲ್ಲಿರಲಿ. ನಮ್ಮ ಊರುಗಳ ಎಷ್ಟೋ ಕೊಳಗಳು 25 ಮೀಟರಿನವು. ವಿಶ್ವ ಕೂಟ ನಡೆಯುವುದು 50 ಮೀಟರಿನಲ್ಲಿ. 100 ಮೀಟರಿಗೆ ಚಿಕ್ಕ ಕೊಳದಲ್ಲಿ ಮೂರು ಟರ್ನ್, ದೊಡ್ಡದರಲ್ಲಿ ಒಂದೇ. ಪ್ರತಿ ಟರ್ನ್‌ನಲ್ಲೂ ಗೋಡೆ ನಿಮಗೆ ಪುಕ್ಕಟೆ ವೇಗ ಕೊಡುತ್ತದೆ, ತೋಳಿಗೆ ಒಂದು ಗಳಿಗೆ ಬಿಡುವನ್ನೂ ಕೊಡುತ್ತದೆ. ಆ ಎರಡೂ ಕೈಬಿಟ್ಟ ಮೇಲೆ ದೇಹ ಹೇಗಿರುತ್ತದೆ ಎಂದು ಹೊರದೇಶದಲ್ಲಿ ಮೊದಲ ಸಲ ತಿಳಿಯುವುದು ಬೇಡ. ಬೆಂಗಳೂರಿನ ಬಸವನಗುಡಿಯ ಕೊಳವೋ ಮಂಗಳೂರಿನ ಎಮ್ಮೆಕೆರೆಯೋ, ಹತ್ತಿರದ ಯಾವುದಾದರೂ 50 ಮೀಟರಿನ ಕೊಳದಲ್ಲಿ ಕೊನೆಯ ಎರಡು ತಿಂಗಳು ವಾರಕ್ಕೊಂದು ಸಲವಾದರೂ ಈಜಿ ಬನ್ನಿ.

ಮಾಸ್ಟರ್ಸ್ ಈಜುಗಾರರನ್ನು ದಡಕ್ಕೆ ಕೂರಿಸುವ ಅಂಗವೆಂದರೆ ಭುಜ. 25 ಮೀಟರಿಗೆ 20 ಕೈ ಹಾಕುವವರು ದಿನಕ್ಕೆ 2000 ಮೀಟರ್ ಈಜಿದರೆ ಒಟ್ಟು 1600 ಕೈ, ಒಂದೊಂದು ಭುಜಕ್ಕೆ 800. ವಾರಕ್ಕೆ ನಾಲ್ಕು ದಿನವಾದರೆ ಒಂದು ಭುಜಕ್ಕೆ 3200 ಸಲ. ಭುಜದ ತುದಿಯ ಎಲುಬಿನ ಕೆಳಗೆ ಒಂದು ಕಿರಿದಾದ ಸಂದಿಯಿದೆ. ಸುಪ್ರಾಸ್ಪೈನೇಟಸ್ ಎಂಬ ಸ್ನಾಯುವಿನ ರಜ್ಜು ಅದರಲ್ಲಿ ನುಸುಳಿ ತೋಳಿನ ಎಲುಬಿಗೆ ಅಂಟುತ್ತದೆ. ವಯಸ್ಸಾದಂತೆ ಈ ರಜ್ಜು ಸವೆಯುತ್ತದೆ. ಅರವತ್ತು ದಾಟಿದ ಎಷ್ಟೋ ಜನರಲ್ಲಿ ನೋವೇ ಇಲ್ಲದೆ ಅಲ್ಲಿ ಹರಿದಿರುವುದೂ ಉಂಟು. ದಿನವಿಡೀ ಕುರ್ಚಿಯಲ್ಲಿ ಕೂತು ಬೆನ್ನು ಗೂನಾದವರಲ್ಲಿ ಹೆಗಲ ಮೂಳೆ ಮುಂದಕ್ಕೆ ವಾಲಿ ಸಂದಿ ಇನ್ನೂ ಕಿರಿದಾಗುತ್ತದೆ.

ನಿಮ್ಮ ಭುಜ ಹೇಗಿದೆ ಎಂದು ಈಗಲೇ ನೋಡಿಕೊಳ್ಳಬಹುದು. ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ. ಹಿಮ್ಮಡಿ ಗೋಡೆಯಿಂದ ಒಂದು ಗೇಣು ಮುಂದಿರಲಿ, ನಡು ಗೋಡೆಗೆ ಒತ್ತಿರಲಿ. ಹೆಬ್ಬೆರಳು ಹಿಂದಕ್ಕೆ ಮಾಡಿ ಎರಡೂ ತೋಳುಗಳನ್ನು ನೆಟ್ಟಗೆ ಮೇಲೆತ್ತಿ. ನಡು ಗೋಡೆ ಬಿಡದೆ, ಮೊಣಕೈ ಬಾಗದೆ ಹೆಬ್ಬೆರಳುಗಳು ಗೋಡೆ ಮುಟ್ಟಿದರೆ ಒಳ್ಳೆಯದು. ಮುಟ್ಟದಿದ್ದರೆ ಈಜುವಾಗ ಪ್ರತಿ ಕೈಯಲ್ಲೂ ಆ ಕೊರತೆಯನ್ನು ಭುಜದ ರಜ್ಜುವೇ ತುಂಬಿಕೊಡುತ್ತಿದೆ. ಅಂಥವರು ಮೊದಲು ಎದೆಯ ಹಿಂಭಾಗದ ಬೆನ್ನನ್ನು ಸಡಿಲಿಸುವ, ಹೆಗಲ ಮೂಳೆಯನ್ನು ಹಿಂದಕ್ಕೆಳೆಯುವ ವ್ಯಾಯಾಮ ಮಾಡಬೇಕು. ಅಂಗೈಗೆ ಕಟ್ಟುವ ಪ್ಯಾಡಲ್ ಅವರಿಗೆ ಸದ್ಯಕ್ಕೆ ಬೇಡವೇ ಬೇಡ.

ನೆಲದ ಮೇಲಿನ ವ್ಯಾಯಾಮ ಇನ್ನೊಂದು ಕಾರಣಕ್ಕೂ ಬೇಕು. ವಯಸ್ಸು ಮೊದಲು ತಿನ್ನುವುದು ವೇಗದ ಸ್ನಾಯುತಂತುಗಳನ್ನು. ಬ್ಲಾಕ್‌ನಿಂದ ಚಿಮ್ಮಲು, ಗೋಡೆ ಒದೆಯಲು ಬೇಕಾದವು ಅವೇ. ನಿಧಾನದ ಈಜು ಅವನ್ನು ಎಚ್ಚರಿಸುವುದಿಲ್ಲ. ವಾರಕ್ಕೆ ಎರಡು ದಿನ ಭಾರ ಎತ್ತುವುದು, ಕುಕ್ಕರಗಾಲಿನಿಂದ ಏಳುವುದು ಅವನ್ನು ಉಳಿಸುತ್ತವೆ. ಊಟದಲ್ಲೂ ಒಂದು ತಿದ್ದುಪಡಿ ಬೇಕು. ಸ್ನಾಯು ಕಟ್ಟಿಕೊಳ್ಳಲು ಯುವಕರಿಗೆ ಒಂದು ಹೊತ್ತಿಗೆ ದೇಹತೂಕದ ಕಿಲೋಗೆ ಸುಮಾರು 0.24 ಗ್ರಾಂ ಪ್ರೋಟೀನ್ ಸಾಕಾದರೆ ಹಿರಿಯರಿಗೆ 0.4 ಗ್ರಾಂ ಬೇಕಾಗುತ್ತದೆ. 60 ಕಿಲೋ ತೂಕದವರಿಗೆ ಅದು 24 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಈಜಿ ಬಂದು ಎರಡು ಇಡ್ಲಿ, ಒಂದು ಕಾಫಿಯಲ್ಲಿ ಮುಗಿಸುವವರ ಸ್ನಾಯುಗಳು ಹಸಿದೇ ಇರುತ್ತವೆ.

ಸ್ಪರ್ಧೆ ಹತ್ತಿರವಾದಾಗ ಹೆಚ್ಚು ಹೆಚ್ಚು ಈಜಬೇಕೆನಿಸುವುದು ಮನುಷ್ಯ ಸಹಜ. ವಿಜ್ಞಾನ ಹೇಳುವುದು ತದ್ವಿರುದ್ಧ. ಸಿಡ್ನಿ ಒಲಿಂಪಿಕ್ಸ್‌ಗೆ ಮುನ್ನ ಅಭ್ಯಾಸವನ್ನು ಇಳಿಸುತ್ತಾ ಬಂದ 99 ಈಜುಗಾರರನ್ನು ಇನ್ಯಿಗೊ ಮುಹಿಕಾ ಮತ್ತು ಸಂಗಡಿಗರು ಅಭ್ಯಸಿಸಿದರು. ಆ ಕೊನೆಯ ಮೂರು ವಾರದಲ್ಲಿ ಅವರ ಸಾಧನೆ ಸರಾಸರಿ ಶೇ. 2.2ರಷ್ಟು ಸುಧಾರಿಸಿತ್ತು. 200 ಮೀಟರಿನ 3 ನಿಮಿಷ 20 ಸೆಕೆಂಡಿಗೆ ಇದನ್ನು ಅನ್ವಯಿಸಿದರೆ ನಾಲ್ಕು ಸೆಕೆಂಡಿಗೂ ಮಿಗಿಲು. ಬೇರೆ ಬೇರೆ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದಾಗ ಸಿಕ್ಕ ಸೂತ್ರ ಹೀಗಿದೆ: ಸುಮಾರು ಎರಡು ವಾರ, ಈಜುವ ದೂರವನ್ನು ಹಂತಹಂತವಾಗಿ ಅರ್ಧದ ಆಸುಪಾಸಿಗೆ ಇಳಿಸಿ; ಕೊಳಕ್ಕೆ ಹೋಗುವ ದಿನಗಳನ್ನು ಇಳಿಸಬೇಡಿ; ವೇಗವನ್ನಂತೂ ಇಳಿಸಲೇಬೇಡಿ. ಈ ದಿನಗಳಲ್ಲಿ ಮೈ ಭಾರವೆನಿಸುತ್ತದೆ, ಏನೋ ಕಳೆದುಕೊಂಡ ಅಳುಕು ಕಾಡುತ್ತದೆ. ಅದನ್ನು ನಂಬಿ ಮತ್ತೆ ನಾಲ್ಕು ಸಾವಿರ ಮೀಟರ್ ಈಜಿಬಿಡುವವರು ತಿಂಗಳುಗಳ ದುಡಿಮೆಯನ್ನು ದಣಿವಿನಡಿ ಹೂತುಹಾಕುತ್ತಾರೆ.

ಪ್ರಯಾಣದ ಲೆಕ್ಕ ಚಿಕ್ಕದು, ಮರೆಯುವಂಥದ್ದಲ್ಲ. ದೇಹದ ಉಷ್ಣತೆ ಬೆಳಗಿನ ಜಾವ ನಾಲ್ಕೈದರ ಹೊತ್ತಿಗೆ ತೀರ ಕೆಳಗಿದ್ದು, ಸಂಜೆ ತುದಿಗೇರುತ್ತದೆ. ಈಜಿನ ಸಾಮರ್ಥ್ಯವೂ ಅದರ ಹಿಂದೆಯೇ ಏರಿಳಿಯುತ್ತದೆ. 2023ರಲ್ಲಿ ವಿಶ್ವ ಕೂಟ ನಡೆದ ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಅಲ್ಲಿ ಬೆಳಿಗ್ಗೆ 8ಕ್ಕೆ ನೀರಿಗಿಳಿಯುವ ಭಾರತೀಯರ ದೇಹಕ್ಕೆ ಅದು ನಸುಕಿನ ನಾಲ್ಕೂವರೆ. 2025ರ ಸಿಂಗಪುರದಲ್ಲಿ ಅದು ಐದೂವರೆ. 2024ರ ದೋಹಾದಲ್ಲಾದರೆ ಹತ್ತೂವರೆ. ದೇಹದ ಗಡಿಯಾರ ಹೊಂದಿಕೊಳ್ಳಲು ಗಂಟೆಗೊಂದು ದಿನ ಬೇಕೆಂದು ಇಟ್ಟುಕೊಳ್ಳಿ. ಪೂರ್ವಕ್ಕೆ ಹೋಗುವವರು ಹೊರಡುವ ವಾರದಲ್ಲೇ ದಿನಕ್ಕೆ ಅರ್ಧ ಗಂಟೆ ಬೇಗ ಮಲಗಿ, ಅಷ್ಟೇ ಬೇಗ ಎದ್ದು ಬೆಳಕಿಗೆ ಬರುವುದು ಒಳ್ಳೆಯದು.

ಕೊನೆಗೆ ಹೃದಯ. ಕುತ್ತಿಗೆಯವರೆಗೆ ನೀರಿನಲ್ಲಿ ನಿಂತರೆ ಸಾಕು, ನೀರಿನ ಒತ್ತಡದಿಂದ ಕೈಕಾಲು ಹೊಟ್ಟೆಗಳ ರಕ್ತ ಸುಮಾರು 700 ಮಿಲಿಲೀಟರ್‌ನಷ್ಟು ಎದೆಯ ಕಡೆಗೆ ಸರಿಯುತ್ತದೆ. ಹೃದಯ ಪ್ರತಿ ಬಡಿತಕ್ಕೂ ಹೆಚ್ಚು ರಕ್ತ ನೂಕುತ್ತದೆ. ಈಜುವಾಗಿನ ಗರಿಷ್ಠ ಬಡಿತ ಓಡುವಾಗಿನದಕ್ಕಿಂತ ಹತ್ತರಷ್ಟು ಕಡಿಮೆ ಇರುವುದಕ್ಕೆ ಇದೂ ಒಂದು ಕಾರಣ. ತನಾಕಾ ಅವರದೇ ಇನ್ನೊಂದು ಸೂತ್ರದಂತೆ ಗರಿಷ್ಠ ಬಡಿತವೆಂದರೆ 208ರಿಂದ ವಯಸ್ಸಿನ 0.7 ಪಾಲು ಕಳೆದರೆ ಸಿಗುವ ಸಂಖ್ಯೆ. 55 ವರ್ಷದವರಿಗೆ ಅದು ನೆಲದ ಮೇಲೆ 170ರ ಸುಮಾರು, ನೀರಿನಲ್ಲಿ 160. ವಾಚ್‌ನಲ್ಲಿ ಕಡಿಮೆ ಸಂಖ್ಯೆ ಕಂಡಿತೆಂದು ಇನ್ನೂ ಜೋರು ಮಾಡುವುದು ಅಪಾಯ. ಇನ್ನೊಂದು ಅಪಾಯ ತಣ್ಣೀರಿಗೆ ಧುಮುಕುವ ಗಳಿಗೆಯದು. ತಣ್ಣನೆಯ ಆಘಾತ ಹೃದಯವನ್ನು ಓಡಿಸುತ್ತದೆ, ಮುಖ ಮುಳುಗಿ ಉಸಿರು ಬಿಗಿಹಿಡಿದಾಗಿನ ಪ್ರತಿವರ್ತನ ಅದನ್ನೇ ನಿಧಾನಿಸುತ್ತದೆ. ಎರಡು ವಿರುದ್ಧ ಆಜ್ಞೆಗಳ ನಡುವೆ ದುರ್ಬಲ ಹೃದಯದ ಲಯ ತಪ್ಪಬಹುದು. ಆದ್ದರಿಂದ ವಾರ್ಮ್ ಅಪ್ ಮಾಡದೆ ಬ್ಲಾಕ್ ಹತ್ತಬೇಡಿ. ಮಾಸ್ಟರ್ಸ್ ನಿಯಮದಂತೆ ನೀರಿನಲ್ಲಿ ನಿಂತು ಗೋಡೆ ಹಿಡಿದೇ ಸ್ಪರ್ಧೆ ಆರಂಭಿಸಲೂ ಅವಕಾಶವಿದೆ; ಬೇಕಾದವರು ಸಂಕೋಚವಿಲ್ಲದೆ ಬಳಸಿಕೊಳ್ಳಲಿ.

ನಲವತ್ತು ದಾಟಿದ ಪ್ರತಿಯೊಬ್ಬ ಓದುಗರಲ್ಲಿ ನನ್ನದೊಂದು ವಿನಂತಿ. ಅಭ್ಯಾಸ ಬಿಗಿಗೊಳಿಸುವ ಮೊದಲು ವೈದ್ಯರ ಬಳಿ ಹೋಗಿ. ಬಿಪಿ, ಸಕ್ಕರೆ, ಇಸಿಜಿ ಮಾಡಿಸಿ. ಅವರು ಹೇಳಿದರೆ ಟ್ರೆಡ್‌ಮಿಲ್ ಟೆಸ್ಟನ್ನೂ ಮಾಡಿಸಿ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲಿ ಹೃದಯದ ತೊಂದರೆ ಬಂದಿದ್ದರೆ, ಈಜುವಾಗ ಎಂದಾದರೂ ಎದೆ ಹಿಡಿದಂತಾಗಿದ್ದರೆ, ತಲೆ ಸುತ್ತಿದ್ದರೆ ಮುಚ್ಚಿಡದೆ ಹೇಳಿ. ವರದಿ ಕೈಗೆ ಬಂದು, ವೈದ್ಯರು ಆಗಬಹುದು ಎಂದ ಮೇಲೆ ಕೂಟದ ಪ್ರವೇಶ ಶುಲ್ಕ ಕಟ್ಟಿ, ಅದಕ್ಕೆ ಮೊದಲು ಬೇಡ.